ಹೆಗಲು ಮುಟ್ಟಿ ನೋಡಿಕೊಂಡವರು

ವಿಧಾನಸಭೆಯಲ್ಲಿ ಒಬ್ಬರು ಯಾರ ಹೆಸರನ್ನೂ ಎತ್ತದೆ ‘ಕೆಲವರು ಕಮಿಷನ್ ಹೊಡೆದಿದ್ದಾರೆ’ ಎಂದುಬಿಡುತ್ತಾರೆ. ಎದುರು ಸಾಲಿನಿಂದ ಇನ್ನೊಬ್ಬರು ಧಡಕ್ಕನೆ ಎದ್ದು ‘ಯಾರ್ರೀ ಅದು, ಹೆಸರು ಹೇಳಿ’ ಎಂದರೆ ಮುಗಿಯಿತು. ‘ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಹೋಗಲಿ, ಸುಮ್ಮನೆ ಕೂರೋಣವೆಂದರೆ ಮೌನಂ ಸಮ್ಮತಿ ಲಕ್ಷಣಂ!

ಈ ಗಾದೆಯ ಕುಂಬಳಕಾಯಿ ಹುಳಿಗೆ ಹಾಕುವ ಸಿಹಿಗುಂಬಳವಲ್ಲ, ಆಯುಧಪೂಜೆಗೆ ಒಡೆಯುವ ಬೂದುಗುಂಬಳ ಎಂದೇ ಎಲ್ಲರೂ ಅರ್ಥ ಮಾಡಿಕೊಳ್ಳುವುದು. ಬಲಿತ ಕಾಯಿಯ ಮೈತುಂಬ ಬೂದಿಯಂಥ ಮೇಣದ ಪುಡಿ. ಬೆರಳೆಳೆದರೆ ಕಾಯಿಯ ಮೇಲೆ ಹಸಿರು ಗೆರೆ, ಬೆರಳ ತುದಿಯಲ್ಲಿ ಬಿಳುಪು. ಕೆಲವು ಕಿಲೋ ತೂಗುವ ಕಾಯಿಯನ್ನು ಮಡಿಲಲ್ಲಿ ಬಚ್ಚಿಡಲಾಗದು, ಹೆಗಲೇ ಗತಿ. ತೆಲುಗಿನವರ ಗಾದೆಯಲ್ಲೂ ಗುಮ್ಮಡಿಕಾಯಿ ಕಳ್ಳ ಭುಜವನ್ನೇ ತಡವಿಕೊಳ್ಳುತ್ತಾನೆ.

ಹೆಗಲ ಮೇಲೆ ಬೂದಿ ನಿಜಕ್ಕೂ ಇತ್ತೇ ಎಂಬುದನ್ನು ಗಾದೆ ಹೇಳುವುದೇ ಇಲ್ಲ. ಇಲ್ಲದಿದ್ದರೂ ವ್ಯತ್ಯಾಸವಾಗದು. ಅವನನ್ನು ಹಿಡಿದುಕೊಟ್ಟದ್ದು ಅವನದೇ ಕೈ. ಮಾತಿನಿಂದ ಸಿಕ್ಕಿಬೀಳುವವರಿಗೆ ‘ಬಾಯಿ ಬಿಟ್ಟರೆ ಬಣ್ಣಗೇಡು’ ಎಂಬ ಗಾದೆ ಬೇರೆಯೇ ಇದೆ. ಆದರೆ ನಾಲಿಗೆಗೆ ಬೀಗ ಹಾಕಿಕೊಂಡವನನ್ನೂ ಮೈ ಬಿಟ್ಟುಕೊಡುತ್ತದೆ ಎನ್ನುವ ಕುಂಬಳಕಾಯಿ ಗಾದೆಯೇ ಹೆಚ್ಚು ಚುರುಕು.

ಮಹಾಭಾರತದ ಕರ್ಣನನ್ನೇ ನೋಡಿ. ಬ್ರಾಹ್ಮಣನೆಂದು ಹೇಳಿಕೊಂಡು ಪರಶುರಾಮನ ಬಳಿ ವಿದ್ಯೆ ಕಲಿತ. ಗುರು ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ ಹುಳುವೊಂದು ತೊಡೆ ಕೊರೆಯಿತು. ಗುರುವಿನ ನಿದ್ದೆ ಕೆಡಬಾರದೆಂದು ಕರ್ಣ ಮಿಸುಕಲಿಲ್ಲ. ರಕ್ತ ತಗುಲಿ ಎಚ್ಚೆತ್ತ ಪರಶುರಾಮ, ಇಷ್ಟು ನೋವು ನುಂಗುವವನು ಬ್ರಾಹ್ಮಣನಾಗಿರಲಾರ ಎಂದು ತೀರ್ಮಾನಿಸಿ ಶಪಿಸಿದ. ಅಯ್ಯೋ ಎಂದು ಒಮ್ಮೆ ಕೂಗಿದ್ದರೆ ಬಚಾವಾಗುತ್ತಿದ್ದನೇನೋ!

ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಮಾತ್ರ ‘ಬಾಯಿಬಿಡು’ವಿನದೇ ಕಾರುಬಾರು. ‘ವಿಚಾರಣೆ ವೇಳೆ ಆರೋಪಿ ಬಾಯಿಬಿಟ್ಟಿದ್ದಾನೆ’ ಎಂದು ಓದಿದ ಓದುಗ ಪ್ರಕರಣ ಅಲ್ಲಿಗೆ ಇತ್ಯರ್ಥವಾಯಿತೆಂದು ಪುಟ ತಿರುಗಿಸುತ್ತಾನೆ. ನ್ಯಾಯಾಲಯ ಹಾಗೆ ತಿರುಗಿಸುವುದಿಲ್ಲ. ಪೊಲೀಸರೆದುರು ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯೇ ಹೇಳಿತ್ತು. ಅದರ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಉಳಿಸಿಕೊಂಡಿದೆ. ಬಾಯಿಬಿಟ್ಟ ಮಾತಿನ ಜಾಡು ಹಿಡಿದು ಕದ್ದ ಮಾಲು ಸಿಕ್ಕರೆ, ಆ ಮಾಲಿಗೆ ನೇರವಾಗಿ ಸಂಬಂಧಿಸಿದ ಮಾತಿಗಷ್ಟೇ ಬೆಲೆ.

ಹೆಗಲು ಮುಟ್ಟಿಕೊಳ್ಳುವುದಕ್ಕೂ ಕಾನೂನಿನಲ್ಲಿ ಜಾಗವುಂಟು: ಆರೋಪಿಯ ನಡತೆ, ಅಂದರೆ ತಲೆಮರೆಸಿಕೊಂಡದ್ದು, ವಸ್ತುಗಳನ್ನು ಬಚ್ಚಿಡಲು ನೋಡಿದ್ದು ಪರಿಗಣನೆಗೆ ಬರುತ್ತದೆ. ಆದರೆ ಓಡಿಹೋದ ಮಾತ್ರಕ್ಕೆ ಅಪರಾಧಿಯಲ್ಲ, ನಿರಪರಾಧಿಯೂ ಭಯಬಿದ್ದು ಓಡಬಹುದು ಎಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ. ಗಾದೆಗೆ ಈ ತಾಳ್ಮೆ ಇಲ್ಲ. ಸಂತೆಯಲ್ಲಿ ‘ಕಳ್ಳ, ಕಳ್ಳ’ ಎಂದು ಕೂಗಿದರೆ ಜೇಬು ಮುಟ್ಟಿಕೊಳ್ಳುವವರೆಲ್ಲ ಕಳೆದುಕೊಳ್ಳುವ ಭಯದವರೇ!

ಬಾಯಿಬಿಡದವರಿಗೆ ಮದ್ದು ಚುಚ್ಚಿ ಬಾಯಿಬಿಡಿಸುವ ‘ಮಂಪರು ಪರೀಕ್ಷೆ’ಗೆ ಒಂದು ಕಾಲದಲ್ಲಿ ಬೆಂಗಳೂರು ಹೆಸರಾಗಿತ್ತು. ನಕಲಿ ಛಾಪಾಕಾಗದ ಹಗರಣದ ತೆಲಗಿಯೂ ಆ ಪರೀಕ್ಷೆಗೆ ಒಳಗಾದವನು. ಸಂವಿಧಾನದ 20(3)ನೇ ವಿಧಿಯ ಪ್ರಕಾರ ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿಯಾಗುವಂತೆ ಬಲವಂತಪಡಿಸುವಂತಿಲ್ಲ. ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆ ಆ ರಕ್ಷಣೆಗೆ ಧಕ್ಕೆ ಎಂದು ಸುಪ್ರೀಂ ಕೋರ್ಟ್ 2010ರ ಮೇ 5ರಂದು ಹೇಳಿತು. ಆ ಪ್ರಕರಣದ ಹೆಸರು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’.