ಕಾರ್ಖಾನೆ ಮುಚ್ಚಿದ ಮೇಲೂ ಉಳಿದ ಕಾರು

1979ರ ಸೆಪ್ಟೆಂಬರ್ ತಿಂಗಳ ಮೊದಲ ವಾರ ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಸಣ್ಣ ಊರಿನಲ್ಲಿ ಹಬ್ಬದ ಸಡಗರ. ಎಂ.ಜಿ. ಕಾರಿನ ಕಾರ್ಖಾನೆ ಆ ಊರಿಗೆ ಬಂದು ಐವತ್ತು ವರ್ಷ ತುಂಬಿತ್ತು. ಆ ಸಡಗರ ಮುಗಿದ ಬೆನ್ನಿಗೇ, ಸೆಪ್ಟೆಂಬರ್ 10ರ ಸೋಮವಾರ, ಮಾಲೀಕ ಸಂಸ್ಥೆ ಬ್ರಿಟಿಷ್ ಲೇಲ್ಯಾಂಡ್ ಇನ್ನು ಅಲ್ಲಿ ಕಾರು ತಯಾರಿಸುವುದಿಲ್ಲ ಎಂದು ಪ್ರಕಟಿಸಿತು. ಎಂ.ಜಿ. ಅಭಿಮಾನಿಗಳು ಆ ದಿನವನ್ನು ಇವತ್ತಿಗೂ 'ಕಪ್ಪು ಸೋಮವಾರ' ಎಂದೇ ಕರೆಯುತ್ತಾರೆ. 1980ರ ಅಕ್ಟೋಬರಿನಲ್ಲಿ ಕೊನೆಯ ಎಂ.ಜಿ.ಬಿ. ಕಾರು ಹೊರಬಂತು, ಕಾರ್ಖಾನೆಗೆ ಬೀಗ ಬಿತ್ತು.

ನಮ್ಮ ಐ.ಟಿ. ಭಾಷೆಯಲ್ಲಿ ಹೇಳುವುದಾದರೆ ಅದು 'ಎಂಡ್ ಆಫ್ ಲೈಫ್'. ಇಂಥ ಪ್ರಕಟಣೆಗಳನ್ನು ಗ್ರಾಹಕರಿಗೆ ಕಳಿಸುವುದು ನನ್ನ ಕೆಲಸದ ಒಂದು ಭಾಗ. ಅದಾದ ಮೇಲೆ ಐದಾರು ವರ್ಷದಲ್ಲಿ ಆ ಸಾಫ್ಟ್‌ವೇರ್ ಎಲ್ಲೂ ಓಡುತ್ತಿರುವುದಿಲ್ಲ. ಎಂ.ಜಿ.ಬಿ.ಯ ಕಥೆ ಹಾಗಾಗಲಿಲ್ಲ. ಕಾರ್ಖಾನೆ ಮುಚ್ಚಿ ನಾಲ್ಕು ದಶಕ ದಾಟಿದ ಮೇಲೂ ಸಾವಿರಾರು ಎಂ.ಜಿ.ಬಿ.ಗಳು ಓಡುತ್ತಿವೆ. ಬಹಳಷ್ಟನ್ನು ಓಡಿಸುವಂತೆ ಮಾಡಿದವರು ಮೆಕ್ಯಾನಿಕ್‌ಗಳಲ್ಲ. ಗುಮಾಸ್ತರು, ಶಾಲಾ ಮಾಸ್ತರರು, ಅಂಚೆ ನೌಕರರು. ಭಾನುವಾರ ಮನೆಯ ಶೆಡ್ಡಿನಲ್ಲಿ ಕಾರಿನಡಿ ಮಲಗಿ ಕಲಿತವರು. ಇದು ಹೇಗೆ ಸಾಧ್ಯವಾಯಿತು ಎನ್ನುವುದು ನನ್ನ ಮಟ್ಟಿಗೆ ಕಾರಿನ ಹುಚ್ಚಿಗಿಂತ ದೊಡ್ಡ ಪ್ರಶ್ನೆ.

ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ಮಾರಿಸ್ ಕಾರುಗಳನ್ನು ಮಾರುತ್ತಿದ್ದ ಅಂಗಡಿ ಅದು. 1922ರಲ್ಲಿ ಅದರ ಮ್ಯಾನೇಜರ್ ಆದ ಸೆಸಿಲ್ ಕಿಂಬರ್, ಸಾಧಾರಣ ಮಾರಿಸ್ ಕಾರಿನ ಮೇಲೆ ಚುರುಕಾದ ದೇಹ ಕೂರಿಸಿ ಮಾರತೊಡಗಿದ. ಎಂ.ಜಿ.ಯ ಹುಟ್ಟುಗುಣವೇ ಇದು: ಒಳಗೆ ಸಂಸಾರಸ್ಥರ ಕಾರಿನ ಬಿಡಿಭಾಗ, ಹೊರಗೆ ಸ್ಪೋರ್ಟ್ಸ್ ಕಾರಿನ ಮೋಜು. 1929ರಲ್ಲಿ ಕಾರ್ಖಾನೆ ಆಬಿಂಗ್ಡನ್‌ಗೆ ಹೋಯಿತು. 1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಬಳಗಗಳು ಒಂದಾಗಿ ಬಿ.ಎಂ.ಸಿ. ಆಯಿತು. 1955ರಲ್ಲಿ ಎಂ.ಜಿ.ಎ., 1962ರಲ್ಲಿ ಎಂ.ಜಿ.ಬಿ. ಬಂದವು. ಹದಿನೆಂಟು ವರ್ಷಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಎಂ.ಜಿ.ಬಿ.ಗಳು ತಯಾರಾದವು, ಹೆಚ್ಚಿನವು ಅಮೆರಿಕಕ್ಕೆ ಹೋದವು.

ಅದರ ಎಂಜಿನ್ ನಮಗೆ ಅಪರಿಚಿತವಲ್ಲ. ಎಂ.ಜಿ.ಎ.ಗೆ ಹಾಕಿದ್ದು ಬಿ.ಎಂ.ಸಿ.ಯ 'ಬಿ-ಸೀರೀಸ್' ಎಂಜಿನ್, 1489 ಸಿ.ಸಿ. ದಶಕಗಳ ಕಾಲ ನಮ್ಮ ಪೆಟ್ರೋಲ್ ಅಂಬಾಸಿಡರ್‌ನಲ್ಲಿ ಇದ್ದದ್ದೂ ಅದೇ 1489 ಸಿ.ಸಿ. ಬಿ-ಸೀರೀಸ್. ಎಂ.ಜಿ.ಬಿ.ಗೆ ಬರುವಾಗ ಅದು 1798 ಸಿ.ಸಿ. ಆಯಿತು. ಆಗ ಸಿಲಿಂಡರಿನ ಅಗಲವನ್ನು ಹಿಗ್ಗಿಸಿದರೇ ಹೊರತು ಪಿಸ್ಟನ್ ಏರಿಳಿಯುವ ದೂರ ಎರಡರಲ್ಲೂ ಒಂದೇ, 88.9 ಮಿಲಿಮೀಟರ್. ಅಂದರೆ ಹುಬ್ಬಳ್ಳಿ ಸ್ಟೇಷನ್ನಿನ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಟ್ಯಾಕ್ಸಿಗಳೂ ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ತೆರೆದ ಮಾಡಿನಲ್ಲಿ ಹಾರುತ್ತಿದ್ದ ಸ್ಪೋರ್ಟ್ಸ್ ಕಾರುಗಳೂ ಒಂದೇ ಮನೆತನದವು. ಒಬ್ಬ ಅಣ್ಣ ಊರಲ್ಲಿ ಗಾಡಿ ಎಳೆದ, ಇನ್ನೊಬ್ಬ ಪರದೇಶಕ್ಕೆ ಹೋಗಿ ಷೋಕಿ ಮಾಡಿದ.

2007ರಿಂದ ಎರಡು ವರ್ಷ ನಾನು ಕಂಪನಿ ಕೆಲಸದ ಮೇಲೆ ಸ್ವಿಂಡನ್‌ನಲ್ಲಿದ್ದೆ. ಆಬಿಂಗ್ಡನ್ ಅಲ್ಲಿಂದ ಒಂದು ಗಂಟೆಯೊಳಗಿನ ದಾರಿ. ಪಕ್ಕದ ಮನೆಯಲ್ಲಿದ್ದವರು ನಿವೃತ್ತ ಅಂಚೆ ನೌಕರರು. ಅವರ ಶೆಡ್ಡಿನಲ್ಲಿ 1968ರ ಒಂದು ಎಂ.ಜಿ.ಬಿ. ಬಿಚ್ಚಿಟ್ಟ ಸ್ಥಿತಿಯಲ್ಲಿತ್ತು. ಟ್ಯಾಪೆಟ್ ಕವರ್ ತೆಗೆದಿಟ್ಟಿದ್ದ ಎಂಜಿನ್ ನೋಡಿ, "ಇದು ನಮ್ಮ ಸೋದರಮಾವನ ಟ್ಯಾಕ್ಸಿಯಲ್ಲಿತ್ತು" ಎಂದೆ. ಅವರು ನಂಬಲಿಲ್ಲ. ಅಂಬಾಸಿಡರ್ ಚಿತ್ರ ತೋರಿಸಿದ ಮೇಲೆ, "ಓ, ಇದು ನಮ್ಮಪ್ಪ ಓಡಿಸುತ್ತಿದ್ದ ಮಾರಿಸ್ ಆಕ್ಸ್‌ಫರ್ಡ್!" ಎಂದರು. ಅಂದಿನಿಂದ ನನಗೆ ಆ ಶೆಡ್ಡಿಗೆ ಪ್ರವೇಶ ಸಿಕ್ಕಿತು.

ಅಲ್ಲಿ ಕಲಿತ ಮೊದಲ ಪಾಠ, ಈ ಕಾರಿನ ನಿಜವಾದ ವೈರಿ ಎಂಜಿನ್ ಸವೆತವಲ್ಲ, ತುಕ್ಕು. ಎಂ.ಜಿ.ಎ.ಗೆ ಬೇರೆಯೇ ಚಾಸಿ ಇತ್ತು, ಅದರ ಮೇಲೆ ದೇಹವನ್ನು ಕೂರಿಸುತ್ತಿದ್ದರು. ಎಂ.ಜಿ.ಬಿ.ಯಲ್ಲಿ ತಗಡಿನ ದೇಹವೇ ಚಾಸಿ. ತೆರೆದ ಕಾರಿಗೆ ಮೇಲೆ ಮಾಡಿನ ಆಸರೆ ಇಲ್ಲ. ಹಾಗಾಗಿ ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ 'ಸಿಲ್' ಎಂಬ ಟೊಳ್ಳು ತೊಲೆಗಳೇ ಇಡೀ ಭಾರ ಹೊರಬೇಕು. ತಗಡಿನ ಪದರಗಳನ್ನು ಸೇರಿಸಿ ಮಾಡಿದ ಈ ತೊಲೆಯೊಳಗೆ ನೀರು, ಕೆಸರು, ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ಸೇರಿಕೊಳ್ಳುತ್ತವೆ. ಹೊರಗೆ ಬಣ್ಣ ಮಿರಮಿರ ಎನ್ನುವಾಗ ಒಳಗೆ ಕಬ್ಬಿಣ ಬಿಸ್ಕತ್ತಾಗಿರುತ್ತದೆ.

ಇದನ್ನು ಸರಿಮಾಡುವ ಕ್ರಮದಲ್ಲಿ ದೊಡ್ಡ ಎಚ್ಚರ ಬೇಕು. ಕೊಳೆತ ಸಿಲ್ ಅನ್ನು ಸುಮ್ಮನೆ ಕತ್ತರಿಸಿದರೆ ಕಾರು ನಡುವಿನಲ್ಲಿ ಜೋತುಬೀಳುತ್ತದೆ. ಆ ಸ್ಥಿತಿಯಲ್ಲೇ ಹೊಸದನ್ನು ಬೆಸೆದರೆ ಮತ್ತೆಂದೂ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಆದ್ದರಿಂದ ಮೊದಲು ಬಾಗಿಲ ಕಂಡಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆದು ಬಿಗಿ ಮಾಡುತ್ತಾರೆ. ಒಂದು ಬದಿಯ ಕೆಲಸ ಪೂರ್ತಿ ಮುಗಿಯುವವರೆಗೆ ಇನ್ನೊಂದು ಬದಿಗೆ ಕೈ ಹಾಕುವುದಿಲ್ಲ. ಪ್ರತಿ ಹಂತದಲ್ಲೂ ಬಾಗಿಲನ್ನು ತೂಗುಹಾಕಿ ಸುತ್ತಲಿನ ಸಂದು ಒಂದೇ ಅಳತೆಯಲ್ಲಿದೆಯೇ ಎಂದು ನೋಡುತ್ತಾರೆ. ಓಡುತ್ತಿರುವ ವ್ಯವಸ್ಥೆಯನ್ನು ಬದಲಿಸುವಾಗ ಒಮ್ಮೆಗೆ ಒಂದೇ ಭಾಗ ಮುಟ್ಟು, ಪ್ರತಿಸಲ ಪರೀಕ್ಷಿಸು ಎಂದು ನಮ್ಮ ಹುಡುಗರಿಗೆ ನಾನು ಹೇಳುವುದನ್ನೇ ಈ ಶೆಡ್ಡುಗಳು ಕಬ್ಬಿಣದಲ್ಲಿ ಬರೆದಿಟ್ಟಿದ್ದವು.

ಎಂಜಿನ್ ಕಡೆಯ ಕೆಲಸ ಇದಕ್ಕಿಂತ ಸಲೀಸು. ಎಂ.ಜಿ.ಬಿ.ಗೆ ಎರಡು ಎಸ್.ಯು. ಕಾರ್ಬ್ಯುರೇಟರ್. ಎರಡೂ ಸಮನಾಗಿ ಗಾಳಿ ಎಳೆಯುತ್ತಿವೆಯೇ ಎಂದು ತಿಳಿಯಲು ಒಂದು ರಬ್ಬರ್ ಕೊಳವೆ ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬ್ಯುರೇಟರ್ ಬಾಯಿಗೆ. ಎರಡರ 'ಸ್‌ಸ್‌' ಸದ್ದೂ ಒಂದೇ ಆಗುವವರೆಗೆ ತಿರುಪು ತಿರುಗಿಸುತ್ತ ಹೋಗುವುದು, ತಂಬೂರಿ ಶ್ರುತಿ ಮಾಡಿದಂತೆ. ವೈರಿಂಗೂ ಹಾಗೆಯೇ. ಬ್ಯಾಟರಿಯಿಂದ ನೇರ ಬರುವ ತಂತಿ ಕಂದು, ಕೀಲಿ ತಿರುಗಿಸಿದ ಮೇಲೆ ಜೀವ ಬರುವುದು ಬಿಳಿ, ಅದರಿಂದ ಫ್ಯೂಸ್ ದಾಟಿ ಹೋಗುವುದು ಹಸಿರು, ಅರ್ಥಿಂಗ್ ಕಪ್ಪು. ಈ ಬಣ್ಣದ ವ್ಯಾಕರಣ ಗೊತ್ತಾದರೆ ವಿದ್ಯುತ್ತಿನ ಗಂಧವಿಲ್ಲದವನೂ ದೋಷ ಹುಡುಕಬಲ್ಲ. ಒಂದೇ ತೊಡಕು, 1967ರವರೆಗಿನ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ದೇಹಕ್ಕೆ ಜೋಡಿಸಿರುತ್ತಿದ್ದರು, ಆಮೇಲಿನವಕ್ಕೆ ಋಣ ತುದಿಯನ್ನು. ಇಸವಿ ನೋಡದೆ ತಂತಿ ಮುಟ್ಟಬಾರದು.

ಇಷ್ಟೆಲ್ಲ ಆ ಅಂಚೆ ನೌಕರರಿಗೆ ಕಲಿಸಿದವರು ಯಾರು? ಅವರ ಶೆಡ್ಡಿನಲ್ಲಿ ಗ್ರೀಸ್ ಮೆತ್ತಿದ ಒಂದು ಪುಸ್ತಕವಿತ್ತು, ಹೇನ್ಸ್ ಮ್ಯಾನ್ಯುಯಲ್. ಜಾನ್ ಹೇನ್ಸ್ ಹುಟ್ಟಿದ್ದು 1938ರಲ್ಲಿ, ನಮ್ಮ ಪಕ್ಕದ ಸಿಲೋನಿನಲ್ಲಿ. ತಂದೆ ಚಹಾ ತೋಟದ ಮ್ಯಾನೇಜರ್. ಶಾಲೆಯಲ್ಲಿರುವಾಗಲೇ ಹಳೆಯ ಆಸ್ಟಿನ್ 7 ಕಾರನ್ನು ಬಿಚ್ಚಿ ಕಟ್ಟಿ, ಅದನ್ನು ಮಾಡಿದ ಬಗೆಯನ್ನು ಪುಟ್ಟ ಪುಸ್ತಕ ಮಾಡಿ ಮಾರಿದ ಹುಡುಗ. ಮುಂದೆ ವಾಯುಪಡೆಯಲ್ಲಿದ್ದಾಗ ಏಡನ್‌ನಲ್ಲಿ ಗೆಳೆಯನೊಬ್ಬನ ಆಸ್ಟಿನ್-ಹೀಲಿ ಸ್ಪ್ರೈಟ್ ರಿಪೇರಿಗೆ ನೆರವಾದ. ಕಂಪನಿಯ ಕೈಪಿಡಿ ತರಬೇತಾದ ಮೆಕ್ಯಾನಿಕ್‌ಗೆ ಬರೆದದ್ದು, ಸಾಮಾನ್ಯನಿಗೆ ಅದರಿಂದ ಉಪಯೋಗವಿಲ್ಲ ಎಂದು ಅವನಿಗೆ ಅಲ್ಲಿ ಮನವರಿಕೆಯಾಯಿತು. ಎಂಜಿನ್ ಬಿಚ್ಚುತ್ತ, ಕಟ್ಟುತ್ತ ಹೆಜ್ಜೆಹೆಜ್ಜೆಗೂ ಫೋಟೊ ತೆಗೆದ. 1966ರಲ್ಲಿ ಮೊದಲ ಹೇನ್ಸ್ ಮ್ಯಾನ್ಯುಯಲ್ ಬಂತು. ಬರೆಯುವವರು ಕಾರನ್ನು ತಾವೇ ಬಿಚ್ಚಿ ಕಟ್ಟಿ ನೋಡಿದ ಮೇಲೆಯೇ ಬರೆಯಬೇಕು ಎಂಬುದು ಅವನ ಪದ್ಧತಿ.

ಪುಸ್ತಕದ ಜೊತೆಗೆ ಬಳಗವೂ ಇತ್ತು. ಎಂ.ಜಿ. ಕಾರ್ ಕ್ಲಬ್ 1930ರದ್ದು, ಎಂ.ಜಿ. ಓನರ್ಸ್ ಕ್ಲಬ್ 1973ರದ್ದು. ಅಮೆರಿಕದಲ್ಲಿ 1948ರಲ್ಲೇ ಶುರುವಾದ ಮಾಸ್ ಮೋಟರ್ಸ್ ಎಂ.ಜಿ. ಬಿಡಿಭಾಗಗಳನ್ನು ಅಂಚೆಯಲ್ಲಿ ಕಳಿಸುತ್ತಿತ್ತು. ಹದಿನೆಂಟು ವರ್ಷ ಮೂಲ ವಿನ್ಯಾಸ ಹೆಚ್ಚು ಬದಲಾಗದೆ ಇದ್ದದ್ದರಿಂದ, ಲಕ್ಷಗಟ್ಟಲೆ ಕಾರುಗಳು ಇದ್ದದ್ದರಿಂದ, ಬಿಡಿಭಾಗ ಮಾಡುವವನಿಗೂ ಲಾಭವಿತ್ತು. ಕಂಪನಿ ಯಾವುದನ್ನು 'ಹಳತಾದ ವಿನ್ಯಾಸ' ಎಂದು ಹೀಗಳೆದು ಮೂಲೆಗೆ ತಳ್ಳಿತೋ ಅದೇ ಹಳತು ಕಾರನ್ನು ಉಳಿಸಿತು.

ಆದರೂ ದೇಹವೇ ಪೂರ್ತಿ ಕೊಳೆತವನ್ನು ಏನು ಮಾಡುವುದು? ಇಲ್ಲಿ ಡೇವಿಡ್ ಬಿಷಪ್ ಎಂಬಾತನ ಹೆಸರು ಬರುತ್ತದೆ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆಯಲ್ಲಿದ್ದ ಆತ, ಎಂ.ಜಿ.ಬಿ.ಯ ತಗಡು ಒತ್ತುವ ಮೂಲ ಅಚ್ಚುಗಳು ಇನ್ನೂ ಗುಜರಿಗೆ ಹೋಗಿಲ್ಲ ಎಂದು ಕಂಡುಕೊಂಡು ಅವನ್ನು ಒಟ್ಟುಮಾಡಿಸಿದ. 1988ರಲ್ಲಿ, ಕಾರ್ಖಾನೆ ಮುಚ್ಚಿ ಎಂಟು ವರ್ಷಗಳ ಮೇಲೆ, ಫ್ಯಾರಿಂಗ್ಡನ್ ಎಂಬಲ್ಲಿ ಹೊಚ್ಚಹೊಸ ಎಂ.ಜಿ.ಬಿ. ದೇಹಗಳ ತಯಾರಿ ಶುರುವಾಯಿತು. ಹಳೆಯ ಕಾರಿನ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಸೀಟುಗಳನ್ನು ಬಿಚ್ಚಿ ಹೊಸ ದೇಹಕ್ಕೆ ಕೂರಿಸುವುದು. ಜೀವ ಹಳೆಯದು, ಮೈ ಹೊಸದು. ಮುಂದೆ 1992ರಲ್ಲಿ ಇದೇ ದೇಹವನ್ನು ತಿದ್ದಿ ಕಂಪನಿಯೇ ಎಂ.ಜಿ. ಆರ್.ವಿ.8 ಎಂಬ ಕಾರು ಮಾಡಿತು. ಅಂದರೆ ರಿಪೇರಿ ಮಾಡುವವರ ಹಟ ಕಂಪನಿಯನ್ನೇ ಮತ್ತೆ ಸ್ಪೋರ್ಟ್ಸ್ ಕಾರಿನ ದಾರಿಗೆ ತಂದಿತು.

ದೇಹವೇ ಬದಲಾದ ಮೇಲೆ ಅದು ಅದೇ ಕಾರೇ ಎಂದು ಕೇಳುವವರಿದ್ದಾರೆ. ನಮ್ಮೂರಿನ ತೇರನ್ನು ನೆನೆಸಿಕೊಳ್ಳಿ. ಒಂದು ವರ್ಷ ಗಾಲಿ ಬದಲಾಗುತ್ತದೆ, ಇನ್ನೊಂದು ವರ್ಷ ಅಚ್ಚು, ಮತ್ತೊಮ್ಮೆ ತೊಲೆ. ಅಜ್ಜ ಎಳೆದ ತೇರಿನ ಮರ ಇವತ್ತು ಎಷ್ಟು ಉಳಿದಿದೆಯೋ! ಆದರೆ ಅದು ಬೇರೆ ತೇರು ಎಂದು ಯಾರೂ ಹೇಳುವುದಿಲ್ಲ. ಎಳೆಯುವವರು ಇರುವವರೆಗೆ ಅದು ಅದೇ ತೇರು.

ನನ್ನನ್ನು ಕಾಡುವುದು ಇನ್ನೊಬ್ಬ ಅಣ್ಣನ ಕಥೆ. ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. 2017ರಲ್ಲಿ ಆ ಹೆಸರನ್ನು ಹಿಂದೂಸ್ತಾನ್ ಮೋಟರ್ಸ್ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪ್ಯೂಜೊ ಬಳಗಕ್ಕೆ ಮಾರಿತು. ಹೆಸರಿಗೆ ಬೆಲೆ ಬಂತು. ಆ ಕಾರನ್ನು ಅರ್ಧ ಶತಮಾನ ಓಡಿಸಿದ ಕೈಗಳ ಅರಿವಿಗೆ ಬೆಲೆ ಕಟ್ಟಿದವರು ಯಾರು?

ಸೋದರಮಾವನ ಟ್ಯಾಕ್ಸಿಯನ್ನು ನೋಡಿಕೊಳ್ಳುತ್ತಿದ್ದ ಹುಬ್ಬಳ್ಳಿಯ ಮಿಸ್ತ್ರಿಯೊಬ್ಬರಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, "ಮೂರನೇದ್ರಾಗ ಟ್ಯಾಪೆಟ್ ಸಡ್ಲ ಆಗೇತ್ರಿ ಸಾವ್ಕಾರ" ಎನ್ನುತ್ತಿದ್ದರು. ತೆಗೆದು ನೋಡಿದರೆ ಮೂರನೆಯದೇ. ಆ ಅಂಚೆ ನೌಕರರ ರಬ್ಬರ್ ಕೊಳವೆಗೂ ಈ ಸ್ಕ್ರೂಡ್ರೈವರಿಗೂ ವ್ಯತ್ಯಾಸವಿಲ್ಲ. ಎಂಜಿನ್ ಒಂದೇ, ಕಿವಿಯ ವಿದ್ಯೆಯೂ ಒಂದೇ. ವ್ಯತ್ಯಾಸವಿರುವುದು ಬೇರೆಡೆ. ಅಲ್ಲಿ ಕಾರಿನ ಒಡೆಯನೇ ಕೈ ಕೊಳೆ ಮಾಡಿಕೊಂಡ, ಕಲಿತದ್ದನ್ನು ಬರೆದ, ಇನ್ನೊಬ್ಬ ಅದನ್ನು ಓದಿ ಮುಂದುವರಿಸಿದ. ನಮ್ಮಲ್ಲಿ ಓದು ಬರಹ ಬಲ್ಲವರು ಪಾನಾ ಹಿಡಿಯಲಿಲ್ಲ, ಪಾನಾ ಹಿಡಿದವರಿಗೆ ಬರೆಯುವ ಬಿಡುವು ಸಿಗಲಿಲ್ಲ. ನಾನು ಎಂ.ಟೆಕ್. ಓದುವಾಗ ಎಂಜಿನ್ನಿನ ಬಗ್ಗೆ ಸಮೀಕರಣಗಳನ್ನು ಬರೆದವರೆಷ್ಟೋ ಜನ ನಮ್ಮ ತರಗತಿಯಲ್ಲಿದ್ದರು; ಟ್ಯಾಪೆಟ್ ಸಂದಿಗೆ ಫೀಲರ್ ಗೇಜ್ ತೂರಿಸಿ ನೋಡಿದವರು ಬೆರಳೆಣಿಕೆ. ಹಾಗಾಗಿ ಆ ಮಿಸ್ತ್ರಿಯಂಥವರು ಕಣ್ಮುಚ್ಚಿದಾಗ ಒಂದೊಂದು ಮ್ಯಾನ್ಯುಯಲ್ ಸುಟ್ಟ ಹಾಗೆ.

ಎಂ.ಜಿ.ಬಿ.ಯನ್ನು ಉಳಿಸಿದ್ದು ಹಣವಲ್ಲ, ಸರ್ಕಾರವೂ ಅಲ್ಲ. ಬರೆದಿಟ್ಟ ಅರಿವು, ಗುಜರಿಗೆ ಹಾಕದೆ ಎತ್ತಿಟ್ಟ ಅಚ್ಚು, ಗೊತ್ತಿದ್ದದ್ದನ್ನು ಬಚ್ಚಿಡದ ಬಳಗ, ಈ ಮೂರೇ. ಅಚ್ಚುಗಳ ವಿಷಯದಲ್ಲಿ ಪುಣೆಯಲ್ಲೋ ಹೈದರಾಬಾದಿನಲ್ಲೋ ಕುಳಿತ ನಾವು ಹೆಚ್ಚೇನೂ ಮಾಡಲಾರೆವು. ಮೊದಲನೆಯದು ಮಾತ್ರ ನಮ್ಮ ಕೈಯಲ್ಲಿದೆ. ಅಂಬಾಸಿಡರ್, ಪದ್ಮಿನಿ, ಯೆಜ್ಡಿಗಳನ್ನು ಬಿಚ್ಚಿ ಕಟ್ಟಿದ ಮಿಸ್ತ್ರಿಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. 'ಎಂಜಿನ್ ಇಳಿಸೋದು', 'ಬೋರ್ ಮಾಡಿಸೋದು', 'ಟಿಂಕರಿಂಗ್' ಎಂದು ಅವರು ಕಟ್ಟಿಕೊಂಡ ಕನ್ನಡವೂ ಅವರ ಜೊತೆಗೇ ಇದೆ. ಮುಂದಿನ ರಜೆಗೆ ಊರಿಗೆ ಹೋದಾಗ ಅವರ ಗ್ಯಾರೇಜಿನ ಮುಂದಿನ ಸ್ಟೂಲಿನ ಮೇಲೆ ಕುಳಿತು, ಒಂದು ಚಹಾ ತರಿಸಿ, ಫೋನಿನ ರೆಕಾರ್ಡರ್ ಒತ್ತಿ ಕೇಳಿ: "ಸದ್ದು ಕೇಳಿ ಹ್ಯಾಂಗ ಹೇಳ್ತೀರಿ, ಕಾಕಾ?" ಉತ್ತರವನ್ನು ಅವರ ಮಾತಿನಲ್ಲೇ ಬರೆದಿಡಿ.