ಸೈಕಲ್ ಬೇಕಾ, ಬಸ್ ಪಾಸ್ ಬೇಕಾ?

ಎಂಟನೇ ಕ್ಲಾಸಿಗೆ ಬಂದ ಹಳ್ಳಿ ಹುಡುಗಿಯ ಮುಂದೆ ನಮ್ಮ ಸರ್ಕಾರ ವರ್ಷಗಟ್ಟಲೆ ಒಂದು ಪ್ರಶ್ನೆ ಇಟ್ಟಿತ್ತು. ನಿನಗೆ ಸೈಕಲ್ ಬೇಕಾ, ಬಸ್ ಪಾಸ್ ಬೇಕಾ? ಎರಡರಲ್ಲಿ ಒಂದು. 2006-07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆಯ ನಿಯಮ ಅದು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಸೈಕಲ್. ಹಾಸ್ಟೆಲ್‌ನಲ್ಲಿ ಇರೋರಿಗೆ ಇಲ್ಲ, ಬಸ್ ಪಾಸ್ ಇದ್ದವರಿಗೂ ಇಲ್ಲ.

ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತೆ, ಅಲ್ವಾ? ಒಬ್ಬರಿಗೇ ಎರಡೆರಡು ಸೌಲಭ್ಯ ಯಾಕೆ ಅನ್ನೋ ಲೆಕ್ಕ. ಆದರೆ ಹಾವೇರಿ ಜಿಲ್ಲೆಯ ನಕ್ಷೆ ಎದುರಿಗೆ ಇಟ್ಟುಕೊಂಡು ನೋಡಿ. ಬಸ್ ಓಡೋದು ದೊಡ್ಡ ರಸ್ತೆ ಮೇಲೆ. ಮನೆ ಇರೋದು ಒಳಗಿನ ಹಳ್ಳಿಯಲ್ಲಿ. ನಡುವೆ ಎರಡು, ಮೂರು, ನಾಲ್ಕು ಕಿಲೋಮೀಟರ್ ದಾರಿ. ಅಂಥ ಊರಿನ ಹುಡುಗಿಗೆ ಎರಡೂ ಬೇಕು. ಕ್ರಾಸ್‌ವರೆಗೆ ಸೈಕಲ್, ಅಲ್ಲಿಂದ ಮುಂದಕ್ಕೆ ಬಸ್. ಇಷ್ಟು ಸರಳವಾದ ವಿಷಯ ನಮ್ಮ ಫೈಲುಗಳಿಗೆ ಯಾಕೆ ಹೊಳೀಲಿಲ್ಲ? ಉತ್ತರ ಬೇಕಾದರೆ ನೂರ ಮೂವತ್ತು ವರ್ಷಕ್ಕೂ ಹಿಂದೆ ಹೋಗಬೇಕು.

1876ರಿಂದ 78ರವರೆಗೆ ಧಾತು ವರ್ಷದ ಭೀಕರ ಬರ. ಈ ಭಾಗದಲ್ಲಿ ಜನ ಹುಳುಗಳಂತೆ ಸತ್ತರು. ಧಾನ್ಯ ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸೋಕೆ ದಾರಿಯೇ ಇರಲಿಲ್ಲ. ಆ ಪಾಠದ ನಂತರ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದೇ ದಶಕದಲ್ಲಿ ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಹಾದು, ತುಂಗಭದ್ರೆ ದಾಟಿ ಹರಿಹರಕ್ಕೆ ಮೀಟರ್ ಗೇಜ್ ಹಳಿ ಬಂತು.

ಇನ್ನೊಂದು ಕಡೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ, 1885ರಲ್ಲಿ, ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿ ಹೆಚ್ಚುಕಡಿಮೆ ಒಂದೇ ಅಳತೆಯ, ಚೈನ್ ಹಾಕಿದ ‘ರೋವರ್’ ಸೈಕಲ್ ತಂದ. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರ್ ಮಾಡಿದ. ಅಂದ್ರೆ ಹಾವೇರಿಯ ರೈಲು ಮತ್ತು ಇವತ್ತಿನ ಸೈಕಲ್ ಎರಡೂ ಒಂದೇ ದಶಕದ ಕೂಸುಗಳು.

ಆದರೆ ಇವೆರಡೂ ನಮ್ಮಲ್ಲಿ ಜೊತೆಯಾಗೋಕೆ ಬಹಳ ಕಾಲ ಹಿಡೀತು. ಬ್ಯಾಡಗಿ ಮೆಣಸಿನಕಾಯಿ ಸ್ಟೇಷನ್ನಿಗೆ ಬರ್ತಿದ್ದದ್ದು ಚಕ್ಕಡಿಯಲ್ಲಿ. ಸೈಕಲ್ ಅಂದ್ರೆ ವಿಲಾಯಿತಿ ಮಾಲು, ಉಳ್ಳವರ ವಾಹನ. ಅದು ಬಡವರ ಅಂಗಳಕ್ಕೆ ಇಳಿದಿದ್ದು ಸ್ವಾತಂತ್ರ್ಯ ಬಂದಮೇಲೆ. 1949ರಲ್ಲಿ ಮದ್ರಾಸಿನ ಟಿಐ ಸೈಕಲ್ಸ್, 1951ರಲ್ಲಿ ಅಟ್ಲಾಸ್, 1956ರಲ್ಲಿ ಹೀರೋ. ನಮ್ಮದೇ ಕಾರ್ಖಾನೆಗಳು ಬಂದವು, ಸೈಕಲ್ ಕೈಗೆಟುಕೋ ಹಾಗಾಯ್ತು.

ಸರ್ಕಾರಿ ಬಸ್ಸು ಬಂದದ್ದೂ ಅದೇ ಹೊತ್ತಿಗೆ. ಮೈಸೂರು ಸಂಸ್ಥಾನದಲ್ಲಿ 1948ರ ಸೆಪ್ಟೆಂಬರ್ 12ಕ್ಕೆ 120 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಶುರುವಾಯ್ತು. ಹಾವೇರಿ ಆಗ ಧಾರವಾಡ ಜಿಲ್ಲೆಯ ತಾಲ್ಲೂಕು, ಮುಂಬಯಿ ಪ್ರಾಂತ್ಯದ ಭಾಗ. ಆ ಪ್ರಾಂತ್ಯದ ಸರ್ಕಾರಿ ಬಸ್ಸೂ 1948ರಲ್ಲೇ ರಸ್ತೆಗಿಳಿಯಿತು. 1956ರಲ್ಲಿ ಏಕೀಕರಣ ಆಯ್ತು, 1961ರಲ್ಲಿ ರಾಜ್ಯ ಸಾರಿಗೆ ನಿಗಮ ಆಯ್ತು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆ ಆದ ವರ್ಷವೇ ಹುಬ್ಬಳ್ಳಿಯಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯೂ ಹುಟ್ಟಿತು.

ಈ ಇಡೀ ಇತಿಹಾಸದಲ್ಲಿ ಸೈಕಲ್ಲಿಗೂ ಬಸ್ಸಿಗೂ ಗಂಟು ಹಾಕಿದ್ದು ಜನ. ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ತಾಸಿನ ಲೆಕ್ಕದ ಬಾಡಿಗೆ ಸೈಕಲ್ ಅಂಗಡಿ. ಬಸ್ಸಿನ ಹಿಂದಿನ ಏಣಿ ಹತ್ತಿ, ಟಾಪ್ ಮೇಲೆ ಹಗ್ಗ ಬಿಗಿದು ಸೈಕಲ್ ಸಾಗಿಸೋದು. ಕ್ರಾಸಿನ ಚಹಾದಂಗಡಿ ಗೋಡೆಗೆ ಸೈಕಲ್ ಒರಗಿಸಿ, “ಯಣ್ಣಾ, ಸ್ವಲ್ಪ ನೋಡ್ಕೋರಿ, ಸಂಜೀಕ ಬರ್ತೀನಿ” ಅಂದು ಬಸ್ ಹತ್ತೋದು. ಇದಕ್ಕೆ ಯಾವ ಟೆಂಡರೂ ಬೇಕಿರಲಿಲ್ಲ, ಬರೀ ನಂಬಿಕೆ ಸಾಕಿತ್ತು. ಸರ್ಕಾರಕ್ಕೆ ಸೈಕಲ್ ನೆನಪಾಗ್ತಿದ್ದದ್ದು ತೆರಿಗೆ ವಸೂಲಿಗೆ, ಬಿಲ್ಲೆ ಇಲ್ಲ, ದೀಪ ಇಲ್ಲ, ಡಬಲ್ ರೈಡ್ ಅಂತ ದಂಡ ಹಾಕೋಕೆ. ಅದನ್ನು ಬಸ್ಸಿನ ಜೊತೆಗಾರ ಅಂತ ಯಾವ ಇಲಾಖೆಯೂ ನೋಡಲಿಲ್ಲ.

ಎಂಜಿನಿಯರಿಂಗ್ ಓದಿದವನಿಗೆ ಇಲ್ಲಿ ಒಂದು ಸಣ್ಣ ಲೆಕ್ಕ ಕಾಣುತ್ತೆ. ಕಾಲು ತಾಸಿನಲ್ಲಿ ಮನುಷ್ಯ ನಡೆದು ಹೋಗೋದು ಹೆಚ್ಚೆಂದರೆ ಒಂದೂಕಾಲು ಕಿಲೋಮೀಟರ್. ಸೈಕಲ್ ಮೇಲಾದರೆ ಅದರ ಮೂರು ಪಟ್ಟು, ಸುಮಾರು ಮೂರೂಮುಕ್ಕಾಲು. ಈಗ ಬಸ್ ನಿಲ್ದಾಣವನ್ನು ನಡುವೆ ಇಟ್ಟು ವೃತ್ತ ಎಳೆಯಿರಿ. ತ್ರಿಜ್ಯ ಮೂರು ಪಟ್ಟಾದರೆ ವಿಸ್ತೀರ್ಣ ಒಂಬತ್ತು ಪಟ್ಟು! ಹೈಸ್ಕೂಲ್ ಗಣಿತ ಸ್ವಾಮಿ ಇದು. ಒಂದು ಲೀಟರ್ ಡೀಸೆಲ್ ಹೆಚ್ಚು ಸುಡದೆ, ಒಂದು ಹೊಸ ರೂಟ್ ಹಾಕದೆ, ಅದೇ ಬಸ್ ಒಂಬತ್ತು ಪಟ್ಟು ಜಾಗದ ಜನರಿಗೆ ಸಿಗುತ್ತೆ.

ಜಗತ್ತಿನಲ್ಲಿ ಈ ಲೆಕ್ಕ ಅರ್ಥ ಮಾಡ್ಕೊಂಡವರು ಇದ್ದಾರೆ. ನೆದರ್ಲೆಂಡ್ಸ್‌ನಲ್ಲಿ ರೈಲು ಹತ್ತೋರಲ್ಲಿ ಅರ್ಧದ ಹತ್ತಿರದಷ್ಟು ಜನ ಸ್ಟೇಷನ್ನಿಗೆ ಬರೋದೇ ಸೈಕಲ್ ಮೇಲೆ. ಯುಟ್ರೆಕ್ಟ್ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲಿಸೋ ಜಾಗ 2019ರಲ್ಲಿ ಪೂರ್ಣಗೊಂಡಿತು. ಅವರೇನು ಹುಟ್ಟಾ ಸೈಕಲ್ ಭಕ್ತರು ಅಂದ್ಕೋಬೇಡಿ. ಅಲ್ಲೂ ಕಾರುಗಳ ಅಬ್ಬರ ಇತ್ತು. 1970ರ ದಶಕದಲ್ಲಿ ಮಕ್ಕಳು ರಸ್ತೆಯಲ್ಲಿ ಸಾಯೋದನ್ನು ಸಹಿಸದೆ ತಂದೆತಾಯಿ ಬೀದಿಗಿಳಿದ ಮೇಲೆ ದಾರಿ ಬದಲಾಯ್ತು.

ನಮ್ಮಲ್ಲೂ ಪ್ರಯತ್ನ ಆಗಿದೆ. 2017ರ ಜೂನ್‌ನಲ್ಲಿ ಮೈಸೂರಿನಲ್ಲಿ 450 ಸೈಕಲ್‌ಗಳ ‘ಟ್ರಿಣ್ ಟ್ರಿಣ್’ ಬಂತು. ಒಳ್ಳೆಯದೇ. ಆದರೆ ಗಮನಿಸಿ, ಅದು ನಗರ. 2006ರಲ್ಲಿ ಕೇಂದ್ರ ಸರ್ಕಾರ ಸೈಕಲ್, ನಡಿಗೆ, ಸಾರ್ವಜನಿಕ ಸಾರಿಗೆಗೆ ಆದ್ಯತೆ ಕೊಡಬೇಕು ಅಂತ ನೀತಿ ಮಾಡಿತು. ಅದರ ಹೆಸರೇ ರಾಷ್ಟ್ರೀಯ ನಗರ ಸಾರಿಗೆ ನೀತಿ. ಹಳ್ಳಿಗೆ ಸಿಕ್ಕಿದ್ದು ಅದೇ ಹೊತ್ತಿನ ‘ಅದೋ ಇದೋ’ ನಿಯಮ.

ಹಾಗಂತ ಸೈಕಲ್ ಯೋಜನೆಯನ್ನು ಹಗುರವಾಗಿ ನೋಡೋಕಾಗಲ್ಲ. ಬಿಹಾರದಲ್ಲೂ 2006ರಲ್ಲಿ ಹುಡುಗಿಯರಿಗೆ ಇಂಥದ್ದೇ ಯೋಜನೆ ಬಂತು. ಅದರ ಬಗ್ಗೆ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿದರು. ವಯಸ್ಸಿಗೆ ತಕ್ಕಂತೆ ಹೈಸ್ಕೂಲ್ ಸೇರೋ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತ್ತು. ಹುಡುಗ-ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಇಳಿದಿತ್ತು. ಎರಡು ಗಾಲಿ ಮಾಡಿದ ಕೆಲಸ ಅದು.

ಆದರೆ ಹತ್ತನೇ ಕ್ಲಾಸ್ ಆದಮೇಲೆ? ಕಾಲೇಜು ಇರೋದು ಹಾವೇರಿಯಲ್ಲಿ, ರಾಣೆಬೆನ್ನೂರಿನಲ್ಲಿ, ಬ್ಯಾಡಗಿಯಲ್ಲಿ. ಹದಿನೈದು, ಇಪ್ಪತ್ತು ಕಿಲೋಮೀಟರ್ ದಿನಾ ಸೈಕಲ್ ತುಳಿಯೋಕಾಗಲ್ಲ. ಬಸ್ಸೂ ಮನೆ ಬಾಗಿಲಿಗೆ ಬರಲ್ಲ. ಎರಡರ ನಡುವಿನ ಆ ಮೂರು ಕಿಲೋಮೀಟರಿನಲ್ಲಿ ಓದು ನಿಲ್ಲುತ್ತೆ. “ಕತ್ತಲಾದ ಮ್ಯಾಲೆ ಕ್ರಾಸಿನಿಂದ ಒಬ್ಬಾಕಿನ ಹೆಂಗ ಬರ್ತಿ?” ಅಂತ ಅವ್ವ ಕೇಳ್ತಾಳೆ. ಆ ಪ್ರಶ್ನೆಗೆ ಯಾವ ಇಲಾಖೆ ಹತ್ತಿರವೂ ಉತ್ತರ ಇಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸೋಕೆ ಬ್ಯಾಡಗಿಗೆ ಬರೋ ಹೆಣ್ಣುಮಕ್ಕಳ ಪಾಡೂ ಇದೇ.

ಈ ನಡುವೆ ಪುಣೆ-ಬೆಂಗಳೂರು ರಸ್ತೆ ಸುವರ್ಣ ಚತುಷ್ಪಥ ಆಯ್ತು, ವಾಹನಗಳ ವೇಗ ಏರಿತು. ಸೈಕಲ್ ಹಿಡಿದು ಅದನ್ನು ದಾಟೋದು ಜೀವ ಕೈಯಲ್ಲಿ ಹಿಡಿದು ದಾಟಿದ ಹಾಗೆ. ಬಸ್ಸಿನ ಹಿಂದಿನ ಏಣಿ ಮಾಯವಾಗ್ತಾ ಬಂತು. ಸಾಲ ಮಾಡಿ ಬೈಕ್ ತಗೊಂಡವರು ಪಾರಾದರು. ಆ ಬೈಕ್ ಮನೆಯ ಗಂಡುಮಗನ ಕೈಗೆ ಹೋಯ್ತು, ಹುಡುಗಿ ಕ್ರಾಸಿನಲ್ಲೇ ಉಳಿದಳು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಫ್ರೀ. ಬಸ್ ಹತ್ತಿದ ಮೇಲಿನ ಖರ್ಚು ಹೋಯ್ತು, ಬಸ್‌ವರೆಗಿನ ದಾರಿ ಹಾಗೇ ಇದೆ. ತಮಾಷೆ ನೋಡಿ, ಹುಡುಗಿಗೆ ಈಗ ಪಾಸೇ ಬೇಕಿಲ್ಲ, ಅಂದ್ಮೇಲೆ ಹಳೆ ನಿಯಮಕ್ಕೆ ಅರ್ಥವೂ ಉಳಿದಿಲ್ಲ. ಆದರೆ ಅಷ್ಟೊತ್ತಿಗೆ ಸೈಕಲ್ಲೇ ಇರಲಿಲ್ಲ! ಕೋವಿಡ್ ಕಾಲದಲ್ಲಿ ನಿಂತ ವಿತರಣೆ ಆಮೇಲೂ ಹಳಿಗೆ ಬರಲಿಲ್ಲ. ಮೊದಲು ಎರಡರಲ್ಲಿ ಒಂದು ಅಂದರು. ಈಗ ಒಂದನ್ನು ಕೊಟ್ಟು ಇನ್ನೊಂದನ್ನು ಮರೆತರು.

ಕೇಳ್ತಿರೋದು ಮೆಟ್ರೋ ಅಲ್ಲ, ಫ್ಲೈಓವರ್ ಅಲ್ಲ. ಸೈಕಲ್ ವಿತರಣೆ ಮತ್ತೆ ಶುರುವಾಗಲಿ, ಬಸ್ ಪಾಸಿನ ಷರತ್ತು ಇಲ್ಲದೆ. ಬಸ್ ನಿಲ್ಲೋ ಪ್ರತಿ ಹಳ್ಳಿ ಕ್ರಾಸಿನಲ್ಲಿ ನಾಲ್ಕು ತಗಡಿನ ಶೀಟು, ಸೈಕಲ್ಲಿಗೆ ಬೀಗ ಹಾಕೋಕೆ ನೆಲಕ್ಕೆ ಹುಗಿದ ಒಂದು ಕಬ್ಬಿಣದ ಪೈಪು, ಒಂದು ಬೀದಿದೀಪ ಬರಲಿ. ಪಂಚಾಯಿತಿ ಮನಸ್ಸು ಮಾಡಿದರೆ ಮಾಡಬಹುದಾದ ಕೆಲಸ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಬೈಕಿಗೆ ಜಾಗ ಇದೆ ಅಂದಮೇಲೆ ಸೈಕಲ್ಲಿಗೂ ಇರಲಿ, ಕಾಸಿಲ್ಲದೆ ಇರಲಿ.

ಮುಂದಿನ ಸಲ ನಿಮ್ಮೂರಿಗೆ ಶಾಸಕರು ಬಂದಾಗ ರಸ್ತೆ ಕೇಳಿ, ಬಸ್ ಕೇಳಿ. ಜೊತೆಗೆ ಇದನ್ನೂ ಕೇಳಿ: ನಮ್ಮ ಹುಡುಗಿ ಬಸ್ ಹತ್ತೋವಾಗ ಅವಳ ಸೈಕಲ್ ಎಲ್ಲಿ ಬಿಡಬೇಕು?