ಹಿಂದಿರುಗುವ ವಿಳಾಸ: ಕೊಲಾಬಾ, ಪೊವಾಯಿ, ಟ್ರಾಂಬೆ

ಮುಂಬಯಿಯ ಗಣಕಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ಯಂತ್ರಗಳ ಹೆಸರು, ಇಸವಿ, ಉದ್ಘಾಟನೆಯ ಚಿತ್ರ. ಆ ಯಂತ್ರಗಳಲ್ಲಿ ಓಡುತ್ತಿದ್ದ ಪ್ರೋಗ್ರಾಮು ನಡುದಾರಿಯಲ್ಲಿ ಕುಸಿದಾಗ, ಅದು ಯಾವ ಹಾದಿಯಿಂದ ಅಲ್ಲಿಗೆ ಬಂದಿತ್ತೆಂದು ಹುಡುಕಿದವರ ಕಥೆ ಅಷ್ಟಾಗಿ ಯಾರ ಗಮನಕ್ಕೂ ಬಿದ್ದಿಲ್ಲ. ನಾವಿಲ್ಲಿ ಹಿಡಿಯಬಯಸುವುದು ಆ ಎಳೆಯನ್ನು.

ಕುಸಿತದ ಜಾಡನ್ನು ಇಂದು ಸ್ಟ್ಯಾಕ್ ಟ್ರೇಸ್ ಎನ್ನುತ್ತೇವೆ. ಒಂದು ಫಂಕ್ಷನ್ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ಕೆಲಸ ಮುಗಿದ ಮೇಲೆ ಎಲ್ಲಿಗೆ ಹಿಂದಿರುಗಬೇಕೆಂಬ ವಿಳಾಸ ಎಲ್ಲಿಯೋ ಬರೆದಿರುತ್ತದೆ. ಆ ವಿಳಾಸಗಳನ್ನು ಒಂದೊಂದಾಗಿ ಹಿಂದಕ್ಕೆ ಓದುವುದು ತಾಮ್ರಪಟದ ವಂಶಾವಳಿಯನ್ನು ಓದಿದಂತೆ. ಉತ್ತರ ಕೊಂಕಣದ ಶಿಲಾಹಾರರ ಶಾಸನಗಳನ್ನು ಬಲ್ಲವರಿಗೆ ಈ ಕಷ್ಟ ಹೊಸದಲ್ಲ: ಬಳೆಯಲ್ಲಿ ಪೋಣಿಸಿದ ಹಲಗೆಗಳಲ್ಲಿ ನಡುವಿನದೊಂದು ಕಳೆದರೆ ಮಗನ ಬೆನ್ನಿಗೇ ಅಜ್ಜ ಬಂದು ನಿಲ್ಲಬಹುದು. ಗಣಕದಲ್ಲಿ ತೊಡಕು ಇನ್ನೂ ಒಂದು ಹೆಜ್ಜೆ ಮುಂದೆ. ಹಲಗೆಯನ್ನು ಎಲ್ಲಿ ಇಟ್ಟಿದ್ದಾರೆಂಬುದೇ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಕಟ್ಟಿದ, 40 ಬಿಟ್ ಪದದ ಟಿಫ್ರಾಕ್ 1960ರಲ್ಲಿ ಕೆಲಸಕ್ಕೆ ತೊಡಗಿತು. 1964ರಲ್ಲಿ ಅದೇ ಸಂಸ್ಥೆಗೆ ಸಿಡಿಸಿ 3600 ಬಂದಿತು. ಅದರ ಪದ 48 ಬಿಟ್. ಈ ಅಮೆರಿಕನ್ ಯಂತ್ರದಲ್ಲಿ ಸ್ಟ್ಯಾಕ್ ಎಂಬುದೇ ಇರಲಿಲ್ಲ. ಕರೆಯುವ ಆದೇಶವು ಹಿಂದಿರುಗುವ ವಿಳಾಸವನ್ನು ಕರೆಯಲ್ಪಟ್ಟ ಸಬ್‌ರೂಟೀನಿನ ಮೊದಲ ಪದದಲ್ಲೇ ಬರೆದು ಮುಂದುವರಿಯುತ್ತಿತ್ತು. ಮನೆಗೆ ಬಂದವನು ಬಾಗಿಲ ಮೇಲೆಯೇ ತನ್ನೂರಿನ ಹೆಸರು ಬರೆದಂತೆ. ಎರಡನೆಯವನು ಬಂದರೆ ಮೊದಲನೆಯ ಹೆಸರು ಅಳಿಯುತ್ತದೆ. ಆದ್ದರಿಂದ ತನ್ನನ್ನೇ ತಾನು ಕರೆದುಕೊಳ್ಳುವ ಸಬ್‌ರೂಟೀನಿಗೆ ಅಲ್ಲಿ ಹಿಂದಿನ ದಾರಿಯೇ ಉಳಿಯುತ್ತಿರಲಿಲ್ಲ. ಜಾಡು ಬೇಕಾದವರು ಅಷ್ಟಮಾನದ ಅಂಕಿಗಳ ಕಾಗದದ ಕಂತೆಯಲ್ಲಿ ಪ್ರತಿ ಬಾಗಿಲನ್ನೂ ತಡವಬೇಕಿತ್ತು.

ಸೋವಿಯತ್ ನೆರವಿನಿಂದ ಬೆಳೆದ ಪೊವಾಯಿಯ ಐಐಟಿಗೆ ಮೊದಲು ಮಿನ್ಸ್ಕ್, 1970ರ ದಶಕದಲ್ಲಿ ಇಸಿ-1030 ಬಂದವು. ಎರಡನೆಯದು ಐಬಿಎಂ ಸಿಸ್ಟಮ್/360ರ ಆದೇಶಗಳನ್ನೇ ಅನುಸರಿಸಿದ ಯಂತ್ರ. ಆ ಪರಂಪರೆಯಲ್ಲಿ ಹಿಂದಿರುಗುವ ವಿಳಾಸ 14ನೆಯ ರಿಜಿಸ್ಟರಿನಲ್ಲಿ. ಕರೆಯುವವನು 18 ಪದಗಳ ಒಂದು ಸಂಗ್ರಹಸ್ಥಳವನ್ನು ಒದಗಿಸಬೇಕು, 13ನೆಯ ರಿಜಿಸ್ಟರ್ ಅದನ್ನು ತೋರಿಸಬೇಕು, ಪ್ರತಿ ಸ್ಥಳವೂ ಹಿಂದಿನದರತ್ತ ಕೈಮಾಡಬೇಕು. ಇಲ್ಲಿ ವಂಶಾವಳಿ ನಿಜಕ್ಕೂ ಸರಪಳಿಯಾಯಿತು. ಆದರೆ ಇದು ಯಂತ್ರದ ನಿಯಮವಲ್ಲ, ಬರೆಯುವವರ ನಡುವಿನ ಒಡಂಬಡಿಕೆ. ಒಬ್ಬ ಮರೆತರೆ ಸರಪಳಿ ಅಲ್ಲಿಗೇ ತುಂಡು.

ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ 1991ರಲ್ಲಿ ಆರಂಭವಾದ ಅನುಪಮ್ ಸಮಾಂತರ ಗಣಕಗಳು ಮೊದಲು ಇಂಟೆಲ್ಲಿನ ಐ860 ಸಂಸ್ಕಾರಕವನ್ನು, ಮುಂದೆ ಪೆಂಟಿಯಮ್ಮನ್ನು ಬಳಸಿದವು. ತಯಾರಕ ಒಬ್ಬನೇ, ಪದ್ಧತಿ ಎರಡು. ಪೆಂಟಿಯಮ್ಮಿನಲ್ಲಿ ವಿಳಾಸವು ಕರೆಯ ಕ್ಷಣದಲ್ಲೇ ಸ್ಟ್ಯಾಕಿನ ಮೇಲೆ ಬೀಳುತ್ತದೆ. ಐ860ರಲ್ಲಿ ಅದು ರಿಜಿಸ್ಟರಿನಲ್ಲಿ ಕೂರುತ್ತದೆ. ಬೇರೆ ಯಾರನ್ನೂ ಕರೆಯದ ಫಂಕ್ಷನ್ ಅದನ್ನು ಸ್ಮೃತಿಗೆ ಇಳಿಸುವ ಗೋಜಿಗೇ ಹೋಗಬೇಕಿಲ್ಲ.

ನಮ್ಮ ಕೈಯಲ್ಲಿರುವ ಮೊಬೈಲಿನ ಆರ್ಮ್ ಸಂಸ್ಕಾರಕದ ನಡೆಯೂ ಇದೇ. ಅಂಧೇರಿಯ ಕಚೇರಿಯೊಂದರಲ್ಲಿ ನಮ್ಮ ಬಳಗದ ಗೆಳೆಯರೊಬ್ಬರಿಗೆ ಇಂಟೆಲ್ ಸರ್ವರಿನಲ್ಲಿ ಪೂರ್ತಿ ಕಾಣುತ್ತಿದ್ದ ಜಾಡು ಆರ್ಮ್ ಸರ್ವರಿನಲ್ಲಿ ಒಂದು ಹೆಸರು ಕಡಿಮೆಯಾಗಿ ಬಂತು. ಕಡಿಮೆಯಾಗಿದೆಯೆಂದು ಆಗ ಯಾರಿಗೂ ಅನ್ನಿಸಲಿಲ್ಲ. ಅಪೂರ್ಣ ಜಾಡಿನ ಅಪಾಯವೇ ಅದು, ನೋಡಲು ಪೂರ್ಣವಾಗಿಯೇ ಇರುತ್ತದೆ. ಸ್ಮೃತಿಯ ತುಣುಕುಗಳನ್ನು ನಕಲಿಸುವ ಚಿಕ್ಕ ಫಂಕ್ಷನ್ ಕುಸಿದಿತ್ತು, ಅದರ ಮೇಲೆ ನೇರವಾಗಿ ಅಜ್ಜನ ಹೆಸರು. ಮೂರನೆಯ ದಿನ ಅವರು ಸ್ಟ್ಯಾಕನ್ನು ಬಿಟ್ಟು ಕುಸಿತದ ಕ್ಷಣದ ರಿಜಿಸ್ಟರುಗಳನ್ನು ನೋಡಿದರು. 30ನೆಯದರಲ್ಲಿ ವಿಳಾಸವಿತ್ತು, ಅದರ ಮೇಲ್ತುದಿಯ ಬಿಟ್‌ಗಳಲ್ಲಿ ಸಂಸ್ಕಾರಕ ಒತ್ತಿದ್ದ ರಕ್ಷಣಾಮುದ್ರೆಯನ್ನು ತೆಗೆದು, ಅದೇ ಬಿಲ್ಡಿನ ಸಂಕೇತಪಟ್ಟಿಯೊಡನೆ ಹೋಲಿಸಿದಾಗ ಕಾಣೆಯಾಗಿದ್ದ ತಂದೆ ಸಿಕ್ಕಿತು, ತಪ್ಪು ಅಳತೆ ಕಳಿಸಿದ್ದೂ ಅದೇ. ಅಷ್ಟರಲ್ಲಿ ಅಜ್ಜನ ಸ್ಥಾನದ ಫಂಕ್ಷನ್ನನ್ನು ಬರೆದಿದ್ದ ಕಿರಿಯ ಸಹೋದ್ಯೋಗಿ ಎರಡು ಸಭೆಗಳಲ್ಲಿ ಸಮಜಾಯಿಷಿ ಕೊಟ್ಟಾಗಿತ್ತು.